ಬತ್ತೆ ಅಂದ ಮಾತು

ಶಾಲು ಹೊದೆಸುವವರು ಎಡಗಡೆಯಿಂದ ಬಂದರು. ಸುಧಾಕರ ತಲೆ ಬಗ್ಗಿಸುವುದು ಅರೆಗಳಿಗೆ ತಡವಾಯಿತು. ಜರಿಯ ಅಂಚು ಕಿವಿಗೆ ತಾಗಿದ ಮೇಲೆ ಬೆಚ್ಚಿ ಬಗ್ಗಿದ. ಬೀಜಾಡಿಯ ಕಡಲ ಬದಿಯ ಮೈದಾನದಲ್ಲಿ ಅವನ ಬೀಳ್ಕೊಡುಗೆಗೆ ನೆರೆದಿದ್ದ ಜನರಿಗೆ ಅದು ಸಂಕೋಚದ ಹಾಗೆ ಕಂಡಿತು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಅವನ ಹೆಂಡತಿ ಜಲಜ ಮಾತ್ರ ಅರೆ ಎದ್ದು ಮತ್ತೆ ಕುಳಿತಳು.

ಎಡಗಣ್ಣು ಹೋದದ್ದು ಮಳೆಗಾಲದಲ್ಲಿ. ಒಳಗಿನ ಪರದೆ ಕಿತ್ತುಬಂದಿದೆ, ಬಲಗಣ್ಣಿನದೂ ತೆಳುವಾಗಿದೆ, ತಲೆಗೆ ಪೆಟ್ಟು ಬೀಳಬಾರದು, ಮೈ ಕುಲುಕಬಾರದು ಎಂದು ಡಾಕ್ಟರು ಹೇಳಿದ್ದನ್ನು ಗಂಡ ಹೆಂಡತಿ ಇಬ್ಬರೇ ನುಂಗಿಕೊಂಡಿದ್ದರು. ದಡಕ್ಕೆ ಎಳೆಯುವ ಕೈರಂಪಣಿ ಬಲೆಯವರಿಗೆ ದಂಡೆಯ ಮೇಲೆ ನಿಂತು, ನೀರಿನ ಬಣ್ಣ ನೋಡಿ, ಮೀನಿನ ಗುಂಪು ತೋರಿಸುವವನು ಸುಧಾಕರನೇ. ಕಣ್ಣಿನ ವಿಷಯ ಹೊರಬಿದ್ದರೆ ಆ ಜಾಗದಲ್ಲಿ ಮತ್ತೊಬ್ಬ ನಿಲ್ಲುತ್ತಾನೆ. ಹಾಗಾಗಿ ಸೊಂಟನೋವೆಂದು ಊರಿಗೆಲ್ಲ ಹೇಳಿ ಕ್ರಿಕೆಟ್ ಆಟ ಬಿಡುವುದೆಂದಾಯಿತು. ಬೆಳಿಗ್ಗೆ ಜಲಜ ಅವನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಿದ್ದಳು.

"ಬ್ಯಾಟ್ ಮುಟ್ಟುದಿಲ್ಲೆ ಅಂದೇಳಿ ಹೇಳಿ."

"ಮುಟ್ಟುದಿಲ್ಲೆ ಹೆಣೆ. ಶಾಲ್ ಹಾಕ್ಸ್ಕಂಡ್, ಬಾಳಿಹಣ್ಣ್ ತಕಂಡ್ ಬಪ್ದೇ."

ಈಗ ಪಕ್ಕದ ಮನೆಯ ಮುದುಕಿ ಅಕ್ಕು ಅವಳ ತೊಡೆಗೆ ಚಿವುಟಿದಳು. "ನಿನ್ ಗಂಡ ಆಟ ಬಿಟ್ಟದ್ದ್ ಒಳ್ಳೇದಾಯ್ತ್ ಮಾರಾಯ್ತಿ. ನನ್ ಮಾಡಿನ್ ಹಂಚ್ ಇನ್ನಾರೂ ಉಳಿತ್."

ಜಲಜ ನಕ್ಕಳು.

ಮೈಕು ಹಿಡಿದಿದ್ದ ಪ್ರೇಮಾನಂದ, ಪಂದ್ಯದುದ್ದಕ್ಕೂ ಮಾತಿನ ಮಳೆ ಸುರಿಸುವವನು, ಇಂದು ಇನ್ನೂ ಹುರುಪಿನಲ್ಲಿದ್ದ. "ಬೈಂದೂರಿನಿಂದ ಬ್ರಹ್ಮಾವರದವರೆಗೆ ಈ ಹೊಡೆತ ಕಾಣದ ಮೈದಾನ ಯಾವುದಿದೆ? ಸುಮ್ಮನೆ ಆಕಾಸ ಸುಧಾಕರ ಎಂದು ಹೆಸರು ಬಿತ್ತೇ? ತಲ್ಲೂರಿನಲ್ಲಿ ಹೊಡೆದ ಚೆಂಡು ಬಸ್ಸಿನ ತಲೆಯ ಮೇಲೆ ಕುಳಿತು ವಂಡ್ಸೆಯಲ್ಲಿ ಇಳಿದಿತ್ತು ಮಾರಾಯ್ರೆ, ಟಿಕೇಟು ಕೂಡ ತೆಗೆದಿರಲಿಲ್ಲ!"

ಜನ ಹೋ ಎಂದರು. ಮೈಕು ಸುಧಾಕರನ ಕೈಗೆ ಬಂತು.

"ಎಲ್ಲರ್ಗೂ ನಮಸ್ಕಾರ. ನಂಗ್ ಮಾತಾಡುಕ್ ಬತ್ತಿಲ್ಲೆ. ಇಷ್ಟ್ ವರ್ಷ ಆಡ್ದೆ, ನೀವ್ ಕಂಡ್ರಿ. ಇನ್ನ್ ಸಾಕ್." ಮೈಕು ವಾಪಸು ಚಾಚಿದ. "ಬತ್ತೆ."

ಹೊರಡುವವರು ಈ ಕಡೆ 'ಹೋತೆ' ಎನ್ನುವುದಿಲ್ಲ. ಕಡಲಿಗೆ ಇಳಿಯುವವರ ಮನೆಯಲ್ಲಂತೂ ಆ ಮಾತು ಬಾಯಿಗೇ ಬರಬಾರದು. ಹೋಗುವಾಗಲೂ 'ಬತ್ತೆ' ಎಂದೇ ಹೇಳಬೇಕು. ಸುಧಾಕರ ಹುಟ್ಟಿದಾಗಿನಿಂದ ಬಂದ ಅಭ್ಯಾಸದಲ್ಲಿ ಅಂದುಬಿಟ್ಟಿದ್ದ. ಪ್ರೇಮಾನಂದನಿಗೂ ಅದು ಗೊತ್ತು. ಆದರೆ ಬಾಯಿಗೆ ಬಂದ ತಮಾಷೆಯನ್ನು ಬಿಡುವ ಜನವೇ ಅವನು?

"ಕೇಣಿ, ಕೇಣಿ! ಹೋತೆ ಅಂದ್ರಾ? ಇಲ್ಲೆ! ಬತ್ತೆ ಅಂದ್ರ್! ಬತ್ತೆ ಅಂದ್ ಮೇಲೆ ಬರ್ಕೇ ಸೈ. ಯಾರಲ್ಲಿ, ಬ್ಯಾಟ್ ತನ್ನಿ!"

"ಒಂದೇ ಚೆಂಡ್! ಒಂದೇ ಚೆಂಡ್!" ಮೈದಾನವೇ ಕೂಗಿತು.

ಜಲಜ ಎದ್ದು ನಿಂತಳು. ಅಕ್ಕು ಸೆರಗು ಹಿಡಿದು ಎಳೆದಳು. "ಕೂತ್ಕೊ ಮಾರಾಯ್ತಿ, ನೀ ಎದ್ರ್ ನಿಂತ್ರೆ ನಂಗ್ ಎಂತದೂ ಕಾಂತಿಲ್ಲೆ."

ಸುಧಾಕರ ಹೆಂಗಸರ ಸಾಲಿನ ಕಡೆ ಮುಖ ತಿರುಗಿಸಿ ಹುಡುಕಿದ. ಅವಳು ತಲೆ ಆಡಿಸಿದಳು, ಕೈ ಆಡಿಸಿದಳು. ಅವನ ದೃಷ್ಟಿ ಅವಳನ್ನು ದಾಟಿ ಹೋಯಿತು. ಯಾರೋ ಅವನ ಶಾಲು ತೆಗೆದು ಬ್ಯಾಟು ಕೊಟ್ಟರು.

ಚೆಂಡು ಹಾಕಲು ನಿಂತವನು ತಲ್ಲೂರಿನ ರತೀಶ. ಈ ವರ್ಷ ಅವನ ವೇಗಕ್ಕೆ ಎದುರು ನಿಂತವರು ಕಡಿಮೆ. ಹಿರಿಯರ ಮರ್ಯಾದೆಗೆ ಮೆಲ್ಲಗೆ ಹಾಕಲಿ ದೇವರೇ ಎಂದು ಜಲಜ ಕೈ ಮುಗಿಯುವಷ್ಟರಲ್ಲಿ ಗಂಡನ ದನಿಯೇ ಕೇಳಿತು:

"ಹ್ವಾಯ್ ರತೀಶ, ಮೆಲ್ಲ ಹಾಕ್ರೆ ಬೈತೆ ಕಾಣ್!"

ಬಲಗೈ ಬ್ಯಾಟಿನವನಿಗೆ ಚೆಂಡು ಬರುವುದು ಎಡಗಣ್ಣಿನ ಬದಿಯಿಂದ. ಸುಧಾಕರ ಎದೆಯನ್ನು ಪೂರ್ತಿ ತೆರೆದು, ಕುತ್ತಿಗೆ ಹೊರಳಿಸಿ, ಬಲಗಣ್ಣನ್ನು ಮುಂದಕ್ಕೆ ತಂದುಕೊಂಡ. "ಎಂಥಾ ಸ್ಟೈಲ್ ಮಾರ್ರೆ!" ಎಂದು ಯಾರೋ ನಕ್ಕರು. ರತೀಶ ಓಡಿ ಬಂದ. ಜಲಜ ಚೆಂಡನ್ನು ನೋಡಲಿಲ್ಲ, ಗಂಡನ ಮುಖ ನೋಡಿದಳು. ಚೆಂಡು ನೆಲಕ್ಕೆ ಬಿದ್ದು ಎದ್ದರೂ ಆ ಮುಖದಲ್ಲಿ ಏನೂ ಕದಲಲಿಲ್ಲ. ಕೈಗಳು ಮಾತ್ರ, ಯಾರನ್ನೂ ಕೇಳದೆ, ತಮ್ಮಷ್ಟಕ್ಕೆ ಬೀಸಿದವು.

ಟಪ್ ಎಂದಿತು.

ಮೈದಾನದ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಚೆಂಡು ರಸ್ತೆ ಬದಿಯ ಗಾಳಿಮರಗಳ ಮೇಲೆ ಸಣ್ಣದಾಗಿ, ಇನ್ನೂ ಸಣ್ಣದಾಗಿ ಹೋಗುತ್ತಿತ್ತು. ಸುಧಾಕರ ಬ್ಯಾಟು ಎತ್ತಿಕೊಂಡು ಕಡಲಿನ ಕಡೆ ಮುಖ ಮಾಡಿ ಆಕಾಶ ನೋಡುತ್ತಿದ್ದ.

ಜನ ನುಗ್ಗಿದರು. ಚೆಂಡೆ ಬಡಿಯಿತು. ಅವನನ್ನು ಹೆಗಲಿಗೇರಿಸಿ ಕುಣಿಸತೊಡಗಿದರು. "ಕುಣಿಸ್ಬೇಡಿ! ಇಳ್ಸಿ ಅವ್ರನ್ನ!" ಎಂದು ಜಲಜ ಮಂದಿಯನ್ನು ತಳ್ಳಿಕೊಂಡು ಓಡಿದಳು. ಚೆಂಡೆಯ ಸದ್ದಿನಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಕೊನೆಗೆ ಅವನ ಒಂದು ಪಾದ ಕೈಗೆ ಸಿಕ್ಕಿತು. ಗಟ್ಟಿಯಾಗಿ ಹಿಡಿದಳು. ಮುಟ್ಟಿದ ಕೈ ಯಾರದೆಂದು ತಿಳಿದು ಅವನು ಬಗ್ಗಿದ.

"ಎಲ್ಲಿಗ್ ಹೋಯ್ತ್ ಹೆಣೆ?"

"ಗಾಳಿಮರದ್ ಆಚಿಗೆ," ಎಂದಳು. "ಎಲ್ರೂ ಅತ್ಲಾಗೇ ಕಾಂತಿದ್ರ್."

"ಹೌದಾ," ಎಂದು ಅವನು ನೆಟ್ಟಗೆ ಕುಳಿತ. ಮುಖ ಅರಳಿತು. ಕೈಯೆತ್ತಿ, ಕಡಲಿನ ಕಡೆಗೆ ತಿರುಗಿ, ಜನರಿಗೆ ಬೀಸತೊಡಗಿದ. ಅಲ್ಲಿ ಯಾರೂ ಇರಲಿಲ್ಲ; ಇಳಿತದ ನೀರು ಒದ್ದೆ ಮರಳನ್ನು ಬಿಟ್ಟು ಹಿಂದಕ್ಕೆ ಸರಿಯುತ್ತಿತ್ತು.