ವಿಮಾನದಣ್ಣಂದಿರ ಎಡೆ

“ಆ ಕಲ್ಲಿಗೆ ಕೈ ಮುಗಿಯೋಕಾ ನಿಂಗೆ ಸಂಬಳ ಕೊಡೋದು? ನೆಲ ಒರಸೇ, ಮುಂಡೇದೇ.”

ಹಾಗೆನ್ನುತ್ತಲೇ ಶೇಖರಪ್ಪ, ಅಂಜಿನಮ್ಮ ಆಗಷ್ಟೇ ಒರೆಸಿದ ಗ್ರಾನೈಟಿನ ಮೇಲೆ ಮಣ್ಣಿನ ಬೂಟಿನಲ್ಲಿ ನಡೆದು ಬಂದ. ವೈಟ್‌ಫೀಲ್ಡ್ ಆಚೆಯ ಆ ಟೆಕ್ ಪಾರ್ಕಿಗೆ ಅವನು ಅಡ್ಮಿನ್ ಮ್ಯಾನೇಜರು. ದಾವಣಗೆರೆ ಕಡೆಯವನು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಅಂಜಿನಮ್ಮ ಅಲ್ಲಿ ಕಸ ಗುಡಿಸಿ ನೆಲ ಒರೆಸುವವಳು, ಪಾರ್ಕಿನ ಹಿಂಗೋಡೆಗೆ ಅಂಟಿಕೊಂಡ ಕಾಲೋನಿಯ ಹೆಂಗಸು. ಪಾರ್ಕು ಎದ್ದು ನಿಂತದ್ದೇ ಆ ಕಾಲೋನಿಯ ಸ್ಮಶಾನದ ಮೇಲೆ. ಕಟ್ಟಡಗಳ ನಡುವಿನ ಹುಲ್ಲುಹಾಸಿನಲ್ಲಿ ಹೇಗೋ ಉಳಿದುಕೊಂಡಿದ್ದ ಒಂದು ಕಲ್ಲು ಅವಳ ತಾತ ಆವಲಪ್ಪನದು. ಅದರ ಮಗ್ಗುಲಿಗೇ ಈಗ, ಹಿಂದೆ ಅಲ್ಲಿ ವಿಮಾನ ಬಿದ್ದು ಸತ್ತ ಬ್ರಿಟಿಷರ ಹೆಸರಿನಲ್ಲಿ ಕಂಪನಿಯ ಹೊಸ ಸ್ಮಾರಕ ಎದ್ದಿತ್ತು.

“ನಮ್ತಾತುನ್ ಕಲ್ಲು ಸಾ. ವಿಮಾನ್ದೋರ ಜೊತ್ಗೇ ಸತ್ತೋನು. ಅಲ್ಲೇ ಇರ್ಲಿ ಬುಡಿ.”

“ವಿಮಾನದೋರು ಏರ್‌ಫೋರ್ಸು ಕಣೇ. ನಿಮ್ತಾತ ಯಾವ ಫೋರ್ಸು? ನಾಳೆ ಲಂಡನ್ನಿಂದ ಜನ ಬರ್ತಾರೆ. ಈ ಮೋಟುಗಲ್ಲು ಫೋಟೋದಲ್ಲಿ ಬಿದ್ರೆ ನನ್ನ ಕೆಲಸ ಹೋಗುತ್ತೆ.”

“ನಾಳೀಕೆ ಮಾರ್ನಾಮಿ ಅಮಾಸೆ ಸಾ. ವರ್ಸಾವರ್ಸಾ ಹಿಂದ್ಲು ಗೇಟ್ನಾಗೆ ಬುಡ್ತಿದ್ರಿ, ಎಡೆ ಇಕ್ಕಾಕೆ.”

“ನಾಳೆ ಕಾಲೋನಿಯ ಒಂದು ನರಪಿಳ್ಳೆಯೂ ಈ ಕಡೆ ತಲೆ ಹಾಕಬಾರದು. ನೀನು ಬೇಸ್‌ಮೆಂಟ್ ಬಿಟ್ಟು ಮೇಲೆ ಬಂದ್ಯೋ, ನಾಡಿದ್ದು ಬೇರೆ ಕೆಲಸ ಹುಡುಕ್ಕೋ.”

ಇಬ್ಬರು ಆಳುಗಳು ಬಂದು ಹಾರೆ ಹಾಕಿ ಕಲ್ಲನ್ನು ಮೀಟಿ ಎಬ್ಬಿಸಿದರು. ಹೊತ್ತುಕೊಂಡು ಹೋಗಿ ಕಸದ ಕೋಣೆಯ ಗೋಡೆಗೆ ಒರಗಿಸಿದರು. ಅಂಜಿನಮ್ಮ ನೆಲ ಒರೆಸಿದಳು.

ಯುದ್ಧದ ಕಾಲದಲ್ಲಿ ಬಾಂಬು ಹಾಕುವ ವಿಮಾನವೊಂದು ರೆಕ್ಕೆಗೆ ಬೆಂಕಿ ಹತ್ತಿಕೊಂಡು ನೇರ ಈ ಕಾಲೋನಿಯ, ಅಂದರೆ ಅಂದಿನ ಹಟ್ಟಿಯ, ಮೇಲೆಯೇ ಇಳಿದು ಬರುತ್ತಿತ್ತಂತೆ. ಒಳಗಿದ್ದವರಿಗೆ ಕೊಡೆ ಬಿಚ್ಚಿಕೊಂಡು ಹಾರಿಕೊಳ್ಳುವ ದಾರಿ ಇತ್ತು. ಒಬ್ಬನೂ ಹಾರಲಿಲ್ಲ. ಮೂತಿಯ ಗಾಜಿನೊಳಗೆ ಕೂತ ಹುಡುಗನೊಬ್ಬ ಎರಡೂ ಕೈ ಬೀಸಿ ಓಡಿ ಓಡಿ ಅನ್ನುತ್ತಿದ್ದುದನ್ನು ರಾಗಿ ಕೇರುತ್ತಿದ್ದ ಅಂಜಿನಮ್ಮನ ಅಜ್ಜಿ ಕಣ್ಣಾರೆ ಕಂಡಿದ್ದಳು. ವಿಮಾನ ಗುಡಿಸಲುಗಳ ಸೂರು ಸವರಿಕೊಂಡು ಹೊರಳಿ ಕೆರೆಯಂಗಳಕ್ಕೆ ಬಿತ್ತು. ಹಟ್ಟಿಯ ಒಂದು ಕೋಳಿಮರಿಗೂ ಏನೂ ಆಗಲಿಲ್ಲ. ಊರಿನವರು ಏರಿಯ ಮೇಲೆ ನಿಂತು ನೋಡಿದರು. ಆವಲಪ್ಪ ಕಂಬಳಿ ನೆನೆಸಿ ಹೊದ್ದು ಬೆಂಕಿಗೆ ನುಗ್ಗಿದ. ಇಬ್ಬರನ್ನು ಹೊತ್ತು ತಂದ. ಮತ್ತೊಬ್ಬನಿಗಾಗಿ ಹೋದವನು ಪೆಟ್ರೋಲು ಭುಗಿಲೆದ್ದಾಗ ಒಳಗೇ ಉಳಿದ.

ಹೊತ್ತು ತಂದವರಲ್ಲಿ ಒಬ್ಬ ಸಂಜೆಯವರೆಗೂ ಉಸಿರು ಹಿಡಿದಿದ್ದ. ಸನ್ನೆ ಮಾಡಿ ನೀರು ಕೇಳಿದ. ಅಜ್ಜಿ ತನ್ನ ಗಡಿಗೆಯ ನೀರು ಕುಡಿಸಿದಳು. ಹೊಲಗೇರಿಯ ನೀರನ್ನು ಹೊರಗಿನ ಬಾಯೊಂದು ಕುಡಿದದ್ದು ಅದೇ ಮೊದಲು.

ದನ ತಿನ್ನುವವರ ಹೆಣ ಊರ ಸ್ಮಶಾನಕ್ಕೆ ಬೇಡವೆಂದು ಊರಿನ ಹಿರಿಯರು ಕೈ ಕೊಡವಿಬಿಟ್ಟರು. ಹಟ್ಟಿಯವರೇ ಆವಲಪ್ಪನ ಪಕ್ಕದಲ್ಲಿ ಅವರನ್ನೆಲ್ಲ ಮಣ್ಣು ಮಾಡಿದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಂದು ತಮ್ಮವರ ಮೂಳೆಗಳನ್ನು ತೋಡಿಕೊಂಡು ಮದ್ರಾಸಿಗೆ ಒಯ್ದರು. ಮಣ್ಣಿನಲ್ಲಿ ಉಳಿದವನು ಆವಲಪ್ಪ ಒಬ್ಬನೇ. ಆದರೂ ಪ್ರತಿ ಮಹಾಲಯ ಅಮಾವಾಸ್ಯೆಗೆ ಹಟ್ಟಿಯವರು ತಮ್ಮ ಹಿರೀಕರ ಜೊತೆಗೆ ಅವರಿಗೂ ಎಲೆ ಹಾಕಿದರು. ಎಡೆ ಇಡುವಾಗ ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಅವರ ಹೆಸರು ಯಾರಿಗೆ ಗೊತ್ತು? ಅಜ್ಜಿಯೇ ಹೆಸರಿಟ್ಟಳು. ಉಂಗುರದಣ್ಣ, ಕೆಂಗೂದಲಣ್ಣ, ನೀರು ಕುಡಿದಣ್ಣ, ಕೈಬೀಸಣ್ಣ, ಹೀಗೆ. ಅಜ್ಜಿ ಸತ್ತ ಮೇಲೆ ಕರೆಯುವ ಕೆಲಸ ಅಂಜಿನಮ್ಮನದಾಯಿತು.

ಕಲ್ಲು ಕಿತ್ತ ದಿನವೇ ಮಧ್ಯಾಹ್ನ ಸ್ಮಾರಕದ ಶುದ್ಧಿಗೆ ಪುರೋಹಿತರು ಬಂದರು. ಅಮಾವಾಸ್ಯೆ ದಿನ ಯಾರಾದರೂ ಉದ್ಘಾಟನೆ ಇಟ್ಟುಕೊಳ್ಳುತ್ತಾರೆಯೇ ಎಂದು ಗೊಣಗಿದರು. ಲಂಡನ್ನಿನವರಿಗೆ ಬೇರೆ ದಿನ ಪುರಸೊತ್ತಿಲ್ಲ ಎಂದು ಶೇಖರಪ್ಪ ಹಲ್ಲು ಕಿರಿದ. ಅಷ್ಟರಲ್ಲಿ ಪುರೋಹಿತರ ಕಣ್ಣು ಅಂಜಿನಮ್ಮನ ಬಕೆಟ್ಟಿನ ಮೇಲೆ ಬಿತ್ತು.

“ಇವಳಾ ಒರೆಸಿದ್ದು? ಯಾರಾದ್ರೂ ನಮ್ಮೋರ ಕೈಲಿ ಇನ್ನೊಂದ್ಸಲ ನೀರು ಹಾಕ್ಸಿಬಿಡಿ. ನೀನು ಆ ಕಡೆ ನಿಂತ್ಕೊಳಮ್ಮ, ಇನ್ನೂ ಆ ಕಡೆ. ನೆರಳು ಬೀಳ್ತಿದೆ.”

ಅಂಜಿನಮ್ಮ ತನ್ನ ನೆರಳನ್ನು ಎತ್ತಿಕೊಂಡು ಕಸದ ಕೋಣೆಯ ಹಿಂದಕ್ಕೆ ಹೋದಳು. ಅಲ್ಲಿ ಹನುಮವ್ವ ರೊಟ್ಟಿ ಬಿಚ್ಚಿ ಕೂತಿದ್ದಳು. ರಾಯಚೂರು ಕಡೆಯಿಂದ ಬಂದ ಗಾರೆ ಕೆಲಸದವಳು. ಸ್ಮಾರಕದ ಪಾಯಕ್ಕೆ ಕಾಂಕ್ರೀಟು ಹೊತ್ತು ಹಾಕಿದವಳು ಅವಳೇ. ಗೋಡೆಗೆ ಒರಗಿದ ಕಲ್ಲನ್ನೂ ಅಂಜಿನಮ್ಮನ ಮುಖವನ್ನೂ ನೋಡಿ ಅವಳ ರೊಟ್ಟಿ ಕೈಯಲ್ಲೇ ನಿಂತಿತು.

“ಅಕ್ಕಾ, ಒಂದ್ ಮಾತು. ಪಾಯಾ ತೋಡಿದಾಗ ಎಲುಬು ಸಿಕ್ಕಿದ್ವು. ನಾಯೀದು, ಮ್ಯಾಲೆ ಕಾಂಕ್ರೀಟ್ ಸುರೀರಿ ಅಂದ ಮ್ಯಾನೇಜರ. ಸುರಿದ್ವಿ. ಆದ್ರ ಕೈ ಎಲುಬಿನಾಗ ತಾಮ್ರದ ಕಡಗ ಇತ್ತವ್ವಾ. ನಾಯಿ ಕಡಗ ಹಾಕ್ಕೊಂತದೇನು?”

ಮೈಯೆಲ್ಲ ಕರಕಲಾಗಿದ್ದ ಗಂಡ ಆವಲಪ್ಪನನ್ನು ಅಜ್ಜಿ ಗುರುತು ಹಿಡಿದದ್ದೇ ಆ ಕಡಗದಿಂದ. ಇಲ್ಲಿ ಇಲ್ಲದವರಿಗೆ ಸ್ಮಾರಕ, ಇದ್ದವನ ಎದೆಯ ಮೇಲೆ ಕಾಂಕ್ರೀಟು. ಅಂಜಿನಮ್ಮ ಅಳಲಿಲ್ಲ. ಅಳುವಷ್ಟು ಹೊತ್ತು ಬಾಯಿಂದ ಬೈಗುಳವೇ ಬಂತು.

“ಅವ್ನ್ ವಂಸ ನೆಗ್ದು ಬೀಳ. ಅನುಮವ್ವಾ, ನಾಳೀಕೆ ಕಸದ್ ಗಾಡಿ ತಳ್ಳಾಕೆ ನಂಜೊತೆ ಬತ್ತೀಯಾ?”

“ಕೆಲ್ಸಾ ಹೋಗ್ತದಲ್ಲಕ್ಕಾ.”

“ಓಗ್ತದೆ.”

ಹನುಮವ್ವ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟಳು. “ಬರ್ತೀನಿ ಬಿಡು,” ಎಂದಳು.

ಮರುದಿನ ಸ್ಮಾರಕದ ಕಟ್ಟೆಯಿಂದ ಗಾಜಿನ ಬಾಗಿಲವರೆಗೆ ಕೆಂಪು ಕಾರ್ಪೆಟ್ಟು ಹಾಸಿದ್ದರು. ಎರಡೂ ಪಕ್ಕ ಹೂಕುಂಡಗಳ ಬೇಲಿ. ಕಟ್ಟೆಯ ಮೇಲೆ ಬಿಳಿಯರು, ಕಂಪನಿಯ ದೊಡ್ಡವರು. ಅವರಲ್ಲೊಬ್ಬ ಮುದುಕ ಸ್ಮಾರಕಕ್ಕೆ ಇಡಲು ತಂದ ಕೆಂಪು ಹೂವಿನ ಚಕ್ರ ಹಿಡಿದು ನಿಂತಿದ್ದ. ಕಲ್ಲಿನಲ್ಲಿ ಕೊರೆದ ಹೆಸರುಗಳನ್ನು ಒಬ್ಬ ಓದಿದ. ಕೊನೆಗೆ ಕನ್ನಡದಲ್ಲೂ ಒಂದು ಮಾತು ಹೇಳಿದ: ತಮ್ಮ ಜೀವ ಕೊಟ್ಟು ಗೊತ್ತಿಲ್ಲದವರ ಜೀವ ಉಳಿಸಿದ ವೀರರು. ಬೇಸ್‌ಮೆಂಟಿನ ಇಳಿಜಾರಿನಲ್ಲಿ ನಿಂತಿದ್ದ ಅಂಜಿನಮ್ಮ ತಲೆದೂಗಿದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಗೊತ್ತಿಲ್ಲದವರು ಯಾರೆಂದು ಮಾತ್ರ ಅವನು ಹೇಳಲಿಲ್ಲ.

“ತಳ್ಳು,” ಎಂದಳು ಅಂಜಿನಮ್ಮ ಹನುಮವ್ವನಿಗೆ.

ಕಸದ ಗಾಡಿ ಕಿರುಗುಟ್ಟುತ್ತ ಕಾರ್ಪೆಟ್ಟಿನ ಮೇಲೆ ಬಂತು. ಇಬ್ಬರೂ ಸೇರಿ ಅದರೊಳಗಿಂದ ಆವಲಪ್ಪನ ಕಲ್ಲನ್ನು ಕಟ್ಟೆಯ ಮೆಟ್ಟಿಲಿನ ಎದುರಿಗೇ ಇಳಿಸಿದರು. ಅಂಜಿನಮ್ಮ ಅದಕ್ಕೆ ನೀರು ಹಾಕಿ ಕುಂಕುಮ ಇಟ್ಟಳು. ಹೂಕುಂಡದಿಂದ ಹೂಕುಂಡಕ್ಕೆ, ಕಾರ್ಪೆಟ್ಟಿನ ಅಗಲಕ್ಕೂ ಬಾಳೆ ಎಲೆ ಹಾಸಿದಳು. ಮುದ್ದೆ, ಬಾಡಿನ ಸಾರು, ಬೇಯಿಸಿದ ಮೊಟ್ಟೆ, ಬನ್ನು, ಬೀಡಿ ಕಟ್ಟು ಎಲ್ಲ ಬಡಿಸಿದಳು.

ಮುದುಕ ಇದೇನೆಂದು ಕೇಳಿದ. “ಲೋಕಲ್ ವೆಲ್ಕಮ್ ಸರ್, ಟ್ರೆಡಿಷನಲ್,” ಎಂದ ಶೇಖರಪ್ಪ ಮೆಟ್ಟಿಲಿಳಿದು ಬಂದು ಹಲ್ಲು ಕಚ್ಚಿದ. “ಎತ್ತೇ ಇದನ್ನ. ಮುಂಡೇದೇ, ಎತ್ತೇ.”

“ನಾನ್ ಎತ್ತಲ್ಲ ಸಾ. ಎಡೆ ಇಕ್ಕಿವ್ನಿ. ಅವ್ರು ಉಂಡೇಳೋಗಂಟ ಯಾರೂ ದಾಟಂಗಿಲ್ಲ. ನಿಮ್ಮನೇಲೂ ಇಕ್ತೀರಲ್ಲ, ಗೊತ್ತಿಲ್ವಾ?”

ಶೇಖರಪ್ಪ ಸೆಕ್ಯುರಿಟಿಯವನಿಗೆ ಕಣ್ಸನ್ನೆ ಮಾಡಿದ. ಬಿಹಾರದ ಆಳು ಎರಡು ಹೆಜ್ಜೆ ಬಂದವನು ಎಲೆಗಳನ್ನು ನೋಡಿ ಟೋಪಿ ತೆಗೆದ. ಪಿತೃಗಳ ಊಟ ಸಾಬ್, ನನ್ನಿಂದಾಗೋದಿಲ್ಲ ಎಂದು ಕೈ ಕಟ್ಟಿ ನಿಂತ. ಶೇಖರಪ್ಪ ಬೂಟುಗಾಲು ಎತ್ತಿದ. ಅವನ ಮನೆಯಲ್ಲೂ ಆ ಹೊತ್ತಿಗೆ ಅಪ್ಪನ ಫೋಟೋದ ಮುಂದೆ ಎಡೆ ಬಡಿಸಿರಬೇಕು. ಎತ್ತಿದ ಕಾಲನ್ನು ಅವನು ಮುಂದಿಡಲಿಲ್ಲ.

ಕಟ್ಟೆಯ ಮೇಲಿದ್ದವರಿಗೆ ಇಳಿಯಲು ಬೇರೆ ದಾರಿ ಇರಲಿಲ್ಲ. ಅಂಜಿನಮ್ಮ ಕಲ್ಲಿಗೆ ಬೆನ್ನು ಕೊಟ್ಟು ಕೂತು, ಮುಗಿಲು ನೋಡಿ ದನಿ ಎತ್ತಿ ಕರೆದಳು.

“ಉಂಗುರದಣ್ಣಾ, ಬಾರಪ್ಪ. ಕೆಂಗೂದ್ಲಣ್ಣಾ, ಬಾ. ನೀರು ಕುಡ್ದಣ್ಣಾ, ನಮ್ ಗಡಿಗೆ ನೀರೇ ತಂದಿವ್ನಿ, ಬಾ. ಕೈಬೀಸಣ್ಣಾ, ಬಾರೋ ನನ್ ಕೂಸೇ. ಆವಲಪ್ಪಾ, ತಾತಾ, ನೀನೂ ಏಳು. ನಿನ್ನೆದೆ ಮ್ಯಾಲೇ ನಿಂತವ್ರೆ ಎಲ್ರೂವೆ. ಏಳು, ಇವತ್ತು ನಿನ್ ಕಲ್ಲು ಕೀಳೋರು ಯಾರವ್ರೆ ನೋಡನ.”

ಹೂವಿನ ಚಕ್ರ ಮುದುಕನ ಕೈಯಲ್ಲೇ ಇತ್ತು. ಬಿಸಿಲು ಏರುತ್ತಿತ್ತು. ಅಂಜಿನಮ್ಮ ಎಡೆಗೆಂದೇ ತಂದಿದ್ದ ಬ್ರಾಂದಿಯ ಬಾಟಲಿಯನ್ನು ಮಡಿಲಿನಿಂದ ತೆಗೆದು, ಅವಸರವೇ ಇಲ್ಲದೆ ಅದರ ಮುಚ್ಚಳ ತಿರುಗಿಸಿದಳು.