ಕರಿ ಜಾಕೀಟಿನವರ ತಾಯಿ

ಸುಂದರಾಬಾಯಿಗೆ ಆ ವರ್ಷ ಮೊಣಕಾಲು ನೋವು ಜಾಸ್ತಿಯಾಗಿತ್ತು. ಬೈಲಹೊಂಗಲದ ಮುಕ್ಕಾಮಿನಲ್ಲಿ ನಾಟಕ ಕಂಪನಿಯ ಮಾಲಕ ಉಳವಪ್ಪ ಹೊಸ ನಾಟಕ ಓದಿ ಹೇಳಿದಾಗ, ತನ್ನ ಪಾತ್ರಕ್ಕೆ ಏಳುವುದು ಬೀಳುವುದು ಎಷ್ಟಿದೆ ಎಂಬುದನ್ನಷ್ಟೇ ಆಕೆ ಗಮನಿಸಿದಳು. ಹರೆಯದಲ್ಲಿ ಇದೇ ಕಂಪನಿಯಲ್ಲಿ ರಾಣಿಯಾಗಿ, ದೇವತೆಯಾಗಿ ಹಾಡಿದವಳು ಈಗ ತಾಯಿ ಪಾತ್ರಗಳಿಗೆ ಬಂದು ನಿಂತಿದ್ದಳು.

ಉಳವಪ್ಪ ಬೆಳಗಾವಿಯಲ್ಲಿ ಒಂದು ಇಂಗ್ಲಿಷ್ ಸಿನಿಮಾ ನೋಡಿ ಬಂದಿದ್ದ. ಭಾಷೆ ತಿಳಿಯದಿದ್ದರೂ ಮತ್ತೆ ಮತ್ತೆ ಹೋಗಿ ನೋಡಿದ್ದನಂತೆ. ಗಡ್ಡದ ಗಂಡಸರು ಕಪ್ಪು ಚರ್ಮದ ಜಾಕೀಟು ತೊಟ್ಟು, ಬೆನ್ನಿಗೆ ತಲೆಬುರುಡೆಯ ಗುರುತು ಹಾಕಿಕೊಂಡು, ಫಟಫಟಿ ಎಂಬ ಮೋಟಾರು ಸೈಕಲ್ಲುಗಳ ಮೇಲೆ ಊರೂರಿಗೆ ನುಗ್ಗುತ್ತಾರೆ. ಪೊಲೀಸರಿಗೂ ಅಂಜುವುದಿಲ್ಲ, ಮನೆ ಮಕ್ಕಳು ಬೇಕಿಲ್ಲ, ದಂಡೇ ಅವರ ಬಳಗ. ಅದನ್ನೇ ಕಿತ್ತೂರ ಸೀಮೆಗೆ ತಂದು, ನಡುವೆ ಒಬ್ಬ ತಾಯಿಯನ್ನೂ ಒಂದಿಷ್ಟು ಹಾಡುಗಳನ್ನೂ ಸೇರಿಸಿ 'ಕರಿ ಜಾಕೀಟಿನ ದಂಡು' ಎಂದು ಹೆಸರಿಟ್ಟ. ಜಾಕೀಟುಗಳನ್ನು ರೆಕ್ಸಿನ್ನಿನಲ್ಲಿ ಹೊಲಿಸಿದರು. ಪರದೆ ಬರೆಯುವವನು ಬುರುಡೆ ಬರೆದ. ಫಟಫಟಿ ಮಾತ್ರ ಒಂದೇ, ಮಾಲಕನ ಸ್ವಂತದ ಹಳೆಯ ಗಾಡಿ. ದಂಡಿನ ನಾಯಕನಾದ ಶಟ್ಟೆಪ್ಪ ಅದನ್ನೇರಿ ಬಂದರೆ ಉಳಿದ ನಾಲ್ವರು ಹಿಂದೆ ಓಡಿ ಬರುತ್ತಿದ್ದರು. ಜನ ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬೈಲಹೊಂಗಲ, ಆಮೇಲೆ ಸವದತ್ತಿ, ಎರಡೂ ಕಡೆ ಥಿಯೇಟರು ತುಂಬಿತು.

ಮೂರನೇ ಅಂಕದ ಕೊನೆಗೆ, ಮನೆಗೆ ಬಂದ ಮಗ ಮತ್ತೆ ದಂಡಿಗೆ ಹೊರಡುತ್ತಾನೆ. ತಾಯಿ ಹಾಡಿ ತಡೆಯುತ್ತಾಳೆ. ಮಗ ಅವಳನ್ನು ಒದ್ದು, ಗಾಡಿ ಏರಿ ಹೋಗಿಬಿಡುತ್ತಾನೆ. ಆ ಹಾಡನ್ನು ಭೀಮಪಲಾಸ ರಾಗದಲ್ಲಿ ಕೂಡಿಸಿದವಳು ಸುಂದರಾಬಾಯಿಯೇ. ಆದರೆ ಎರಡನೇ ನುಡಿ ಎತ್ತುವಷ್ಟರಲ್ಲಿ, ಹಾಡು ಸಾಕು, ಗಾಡಿ ಬಿಡಿರಿ ಎಂದು ಹಿಂದಿನಿಂದ ಗದ್ದಲ ಏಳುತ್ತಿತ್ತು. ಮಗನ ಪಾತ್ರ ಮಾಡುವ ಶಟ್ಟೆಪ್ಪ ಮೆತ್ತನೆಯ ಮನುಷ್ಯ; ಗದ್ದಲಕ್ಕೆ ಗಾಬರಿಯಾಗಿ ಬೇಗನೆ ಒದ್ದುಬಿಡುತ್ತಿದ್ದ. ಆಕೆ ಬಿದ್ದಲ್ಲೇ ಗಾಡಿಯ ಹೊಗೆ ಕುಡಿಯುತ್ತ ಪರದೆ ಇಳಿಯುವುದನ್ನು ಕಾಯುತ್ತಿದ್ದಳು. ಕಂಪನಿ ಬಿಡಬೇಕು ಅನ್ನಿಸಿದ್ದುಂಟು. ಬಿಟ್ಟು ಎಲ್ಲಿಗೆ ಎಂದು ಯೋಚಿಸುವುದಕ್ಕೂ ದಣಿವಾಗುತ್ತಿತ್ತು.

ರಾಮದುರ್ಗದಲ್ಲಿ ಒಂದು ರವಿವಾರ, ಮಧ್ಯಾಹ್ನದ ಆಟ. ತಗಡಿನ ಕೆಳಗೆ ಎಲ್ಲರೂ ಬೇಯುತ್ತಿದ್ದರು. ಶಟ್ಟೆಪ್ಪ ಒದ್ದ, ಆಕೆ ಬಿದ್ದಳು, ಅವನು ಗಾಡಿ ಏರಿ ಕಿಕ್ ಹೊಡೆದ. ಚಾಲೂ ಆಗಲಿಲ್ಲ. ಮತ್ತೆ ಹೊಡೆದ, ಮತ್ತೆ. ಪೇಟಿ ಮಾಸ್ತರ ಹಾರ್ಮೋನಿಯಂ ಮೇಲೆ ಅದೇ ಸ್ವರ ಎಳೆಯುತ್ತ ಕೂತ. ಜನ ನಗತೊಡಗಿದರು. ದಂಡಿನ ನಾಲ್ವರು ಪರದೆಯ ಮರೆಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮುಖದ ಬಣ್ಣ ಬೆವರಿಗೆ ಕರಗಿ ಕಣ್ಣಿಗಿಳಿದಾಗ ಶಟ್ಟೆಪ್ಪ ಕಿಕ್ ಹೊಡೆಯುವುದನ್ನು ಬಿಟ್ಟು ಆಕೆಯತ್ತ ನೋಡಿದ.

ನಾಟಕ ಉಳಿಸಬೇಕೆಂದು ಸುಂದರಾಬಾಯಿಗೆ ಹೊಳೆಯಲೂ ಇಲ್ಲ. ಇದೊಂದು ಬೇಗ ಮುಗಿದು, ಹೋಗಿ ಮಲಗಿದರೆ ಸಾಕಾಗಿತ್ತು. ನೆಲಕ್ಕೆ ಕೈಯೂರಿ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೋಗೂದ ಖರೇ ಅಂದಮ್ಯಾಲ ಹೋಗಪಾ. ಗಟ್ಟಿ ಹಿಡಕೊ, ನಾ ದೂಡತೇನಿ."

ಹಿಂದಿನ ಸೀಟಿಗೆ ಎರಡೂ ಕೈ ಕೊಟ್ಟು ನೂಕಿದಳು. ಗಾಡಿ ಭಾರವಿತ್ತು, ಹಲಗೆಗಳು ಕಿರುಗುಟ್ಟಿದವು. ನಗು ನಿಂತಿತು. ನಡುವೆ ಮೊಣಕಾಲು ಸೋತು ಆಕೆ ತಡೆದಾಗ ಶಟ್ಟೆಪ್ಪ ಹೊರಳಿ ನೋಡಿದ. ದಂಡಿನ ನಾಯಕ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮುಂದೆ ನೋಡೆಂದು ಮೆಲ್ಲಗೆ ಗದರಿಸಿ ಆಕೆ ಮತ್ತೆ ನೂಕಿದಳು. ಮುಂದಿನ ಸಾಲಿನ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡಿದ್ದರು. ಪರದೆ ಬಿತ್ತು.

ಉಳವಪ್ಪ ಓಡಿ ಬಂದ. ಇನ್ನು ಗಾಡಿ ಚಾಲೂ ಮಾಡುವುದೇ ಬೇಡ, ಪ್ರತಿ ಆಟಕ್ಕೂ ಹೀಗೆಯೇ ದೂಡಿರಿ, ಪೆಟ್ರೋಲು ಸಿಗದ ಈ ಕಾಲದಲ್ಲಿ ಆ ಚಿಂತೆಯೂ ತಪ್ಪಿತು ಎಂದ. ಆಕೆ ಟ್ರಂಕಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು.

"ದೂಡತೇನ್ರಿ, ಮಾಲಕರ. ಆದರ ನನ್ನ ಹಾಡು ಮುಗಿಯೂತನಕ ಯಾರೂ ಗಾಡಿ ಮುಟ್ಟಬಾರದು. ಮತ್ತ, ಒದಿಯೂದು ಬ್ಯಾಡ."

ಒದೆತಕ್ಕೇ ಸೀಟಿ ಬೀಳುವುದಲ್ಲವೇ ಎಂದು ಅವನು ಗೊಣಗಿದ. ಆಕೆ ಕಾಲು ನೀವುತ್ತಲೇ ಇದ್ದಳು. ಕೊನೆಗೆ ಅವನು ಆಗಲಿ ಎಂದು ಹೋದ.

ಕಟಕೋಳದ ಮುಕ್ಕಾಮಿನಲ್ಲಿ ಹೆಂಗಸರ ಕಡೆಯ ಚಾಪೆಗಳು ತುಂಬತೊಡಗಿದವು. ಹಾಡು ಕೊನೆಯವರೆಗೂ ಕೇಳುತ್ತಿತ್ತು. ಸುಂದರಾಬಾಯಿಗೆ ಅದರಿಂದ ಅಂಥ ಹಿಗ್ಗೇನೂ ಆಗಲಿಲ್ಲ. ದೂಡಿ ದೂಡಿ ಈಗ ಸೊಂಟವೂ ಹಿಡಿದಿತ್ತು. ಒಂದು ಆಟದಲ್ಲಿ ಗಾಡಿ ಎಂದಿಗಿಂತ ಹಗುರ ಅನ್ನಿಸಿತು. ಬಗ್ಗಿ ನೋಡಿದರೆ, ಶಟ್ಟೆಪ್ಪ ಜನರಿಗೆ ಕಾಣದ ಆಚೆ ಬದಿಯ ಕಾಲನ್ನು ನೆಲಕ್ಕೆ ಕೊಟ್ಟು, ತಾನೇ ಮೀಟಿ ಮೀಟಿ ಗಾಡಿ ಸಾಗಿಸುತ್ತಿದ್ದ. ಆಕೆ ಸೀಟಿನ ಮೇಲೆ ಕೈ ಸುಮ್ಮನೆ ಇಟ್ಟುಕೊಂಡು ಹಿಂದೆ ಹಿಂದೆ ನಡೆದಳು.