ಕೊನೆಯ ಕಾಲಂ

"ಅಮ್ಮಾ, ನೀನು ಗ್ರೂಪಿಗೆ ಹಾಕಿರೋದು ಯಾವ ಶೀಟು?"

ಮೈಸೂರಿನ ಹಾಸ್ಟೆಲಿನಿಂದ ಮಗಳು ದೀಪಶ್ರೀ ಫೋನಿನಲ್ಲಿ ಹೀಗೆ ಕೇಳಿದಾಗ ರಾಧಾಮಣಿ ದೇವಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಂಡಕ್ಟರಿಗೆ ತೋರಿಸಿದ ಆಧಾರ್ ಕಾರ್ಡನ್ನು ಮತ್ತೆ ಪರ್ಸಿಗೆ ಸೇರಿಸುತ್ತಿದ್ದಳು.

"ಯಾವುದು ಅಂದ್ರೆ? ಪುಸ್ತಕದ ಪಟ್ಟಿ. ಲಿಂಕ್ ಹಾಕೋದು ನೀನೇ ತಾನೆ ಹೇಳ್ಕೊಟ್ಟಿದ್ದು."

"ಪಟ್ಟಿ ಎರಡಿತ್ತಲ್ಲಮ್ಮ. ಟಿಪ್ಪಣಿ ಇರೋದು ಒಂದು, ಇಲ್ದಿರೋದು ಒಂದು. ನಾನೀಗ ತೆಗೆದು ನೋಡಿದ್ರೆ ಕೊನೇ ಕಾಲಂ ಕಾಣ್ತಾ ಇದೆ. ನೀನು ಬರ್ದಿರೋದೆಲ್ಲಾ ಇದೆ."

ಒಂದು ಗಳಿಗೆ ರಾಧಾಮಣಿಗೆ ಬಸ್ಸಿನ ಸದ್ದೇ ಕೇಳಿಸಲಿಲ್ಲ. "ತೆಗ್ದುಬಿಡು. ಬೇಗ ತೆಗಿ," ಎಂದಳು.

"ನಂಗೆ ತೆಗಿಯಕ್ಕಾಗಲ್ಲ. ನಿನ್ನ ಅಕೌಂಟಿಂದ ನೀನೇ..." ಬಸ್ಸು ತಿರುವಿಗೆ ಬಂದು ಮಾತು ತುಂಡಾಯಿತು. ಫೋನಿನಲ್ಲಿ ನೆಟ್‌ವರ್ಕಿನ ಒಂದು ಗೆರೆಯೂ ಉಳಿಯಲಿಲ್ಲ.

ನಾನೂರ ಹನ್ನೆರಡು ಪುಸ್ತಕಗಳು. ಇಪ್ಪತ್ತು ವರ್ಷದಲ್ಲಿ ಒಂದೊಂದಾಗಿ ಸೇರಿದವು. ಕೆಲವು ಮೈಸೂರಿನ ಫುಟ್‌ಪಾತಿನಲ್ಲಿ ಕೊಂಡದ್ದು, ಕೆಲವು ಗುಜರಿಯವನ ಗಾಡಿಯಿಂದ ಎತ್ತಿಕೊಂಡದ್ದು. ಪಾಂಡವಪುರದಲ್ಲಿ ಬಾಡಿಗೆ ಪುಸ್ತಕದ ಅಂಗಡಿಯೊಂದು ಬಾಗಿಲು ಹಾಕಿದಾಗ ತೂಕದ ಲೆಕ್ಕದಲ್ಲಿ ಎರಡು ಚೀಲ ತಂದಿದ್ದಳು. ಮನೆಯಲ್ಲಿ ಅವಳೊಬ್ಬಳನ್ನು ಬಿಟ್ಟು ಅವುಗಳನ್ನು ಯಾರೂ ಮುಟ್ಟಿದವರಲ್ಲ. ಪಾಂಡವಪುರದ ಕಾಲೇಜಿನಲ್ಲಿ ಪಾಠ ಹೇಳುವ ಶಂಕರ್ ಎಂಬುವವರು ಸುತ್ತಲಿನ ತಾಲ್ಲೂಕುಗಳ ಓದುವವರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ 'ಓದುಗರ ಬಳಗ' ಮಾಡಿದ್ದರು. ಶ್ರೀರಂಗಪಟ್ಟಣ, ಕೆ.ಆರ್. ಪೇಟೆಯವರೂ ಸೇರಿ ಇನ್ನೂರ ಮೂವತ್ತೆಂಟು ಜನ. ನಿಮ್ಮಲ್ಲಿರುವ ಪುಸ್ತಕಗಳ ಪಟ್ಟಿ ಹಂಚಿಕೊಳ್ಳಿ, ಬೇಕಾದವರು ಕೇಳಿ ಪಡೆದು ಓದಲಿ ಎಂದು ಅವರು ಹೇಳಿದ ಮೇಲೆಯೇ ರಾಧಾಮಣಿಗೆ ಈ ಹುಚ್ಚು ಹಿಡಿದದ್ದು. ಮೂರು ತಿಂಗಳು, ಕೆಲಸದಿಂದ ಬಂದ ಮೇಲೆ, ಒಂದೊಂದು ಪುಸ್ತಕದ ದೂಳು ಒರೆಸಿ ಹೆಸರು, ಬರೆದವರು, ಅಚ್ಚಾದ ವರ್ಷ, ಕೊಂಡ ಊರು ಎಲ್ಲ ತುಂಬಿಸಿದಳು. ಒಂದೊಂದನ್ನು ಕೈಗೆತ್ತಿಕೊಂಡಾಗಲೂ ಅದನ್ನು ಓದಿದ ದಿನಗಳು ನೆನಪಾಗುತ್ತಿದ್ದವು. ಹಾಗಾಗಿ ತನಗೆಂದೇ ಇನ್ನೊಂದು ಪ್ರತಿ ಮಾಡಿ, ಕೊನೆಯಲ್ಲಿ 'ಟಿಪ್ಪಣಿ' ಎಂದು ಒಂದು ಕಾಲಂ ಎಳೆದಳು. ಬಾಯಲ್ಲಿ ಯಾರಿಗೂ ಹೇಳದ್ದನ್ನು ಅಲ್ಲಿ ಬರೆದಳು.

ಬೆಳಿಗ್ಗೆ ಏಳೂವರೆಗೆ ಲಿಂಕ್ ಹಾಕಿದ್ದಳು. ದೇವಲಾಪುರದಲ್ಲಿ ಇಳಿದು, ಅರಳಿಮರದ ಕಟ್ಟೆಯ ಹತ್ತಿರ ಸಿಗ್ನಲ್ ಸಿಕ್ಕಿ, ಅದನ್ನು ಮುಚ್ಚುವ ಹೊತ್ತಿಗೆ ಹತ್ತು ಗಂಟೆ. ಅಷ್ಟರಲ್ಲಿ ಗ್ರೂಪಿನಲ್ಲಿ ನಲವತ್ತೊಂದು ಮೆಸೇಜು ಬಿದ್ದಿದ್ದವು. 'ನೂರ ಹದಿನೆಂಟರ ಮುಂದೆ ಬರೆದದ್ದು ಓದಿ ಕಣ್ಣು ತುಂಬಿತು ಮೇಡಂ' ಎಂದು ಯಾರೋ. 'ಮುನ್ನೂರ ಎರಡನೆಯದು ಓದಿ ನಾನೂ ನನ್ನ ಹೆಂಡತಿಯೂ ನಕ್ಕಿದ್ದೇ ನಕ್ಕಿದ್ದು' ಎಂದು ಇನ್ನೊಬ್ಬರು. ಕೆಳಗೆ ಶಂಕರ್ ಅವರದು: 'ಎಲ್ಲವನ್ನೂ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೇನೆ. ನಿಧಾನವಾಗಿ ಓದುತ್ತೇನೆ.'

ಪ್ರಿಂಟ್! ರಾಧಾಮಣಿ ಕಟ್ಟೆಯ ಮೇಲೆ ಕೂತಳು, ಎದ್ದಳು, ಮತ್ತೆ ಕೂತಳು. ಏನೇನು ಬರೆದಿದ್ದೇನೆ? ಅತ್ತೆಯ ಕಣ್ಣಿನ ಆಪರೇಷನ್ನಿನ ಮೂರು ದಿನ ಆಸ್ಪತ್ರೆಯ ಜಗಲಿಯಲ್ಲಿ ನೆಮ್ಮದಿಯಾಗಿ ಓದಿದ್ದು, ಮನೆಗೆ ಹೋಗಲು ಮನಸ್ಸೇ ಬರದಿದ್ದದ್ದು. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದರೆ ನಿದ್ದೆ ಬಂದವಳಂತೆ ನಟಿಸಿದ್ದು. ಗಂಡನ ಗೊರಕೆ. ಆಮೇಲೆ ನೂರ ಮೂವತ್ತೇಳು. ಅದು ನೆನಪಾದದ್ದೇ ತಡ, ಕಟ್ಟೆಯಿಂದ ಎದ್ದುಬಿಟ್ಟಳು.

ಅಲ್ಲೇ ರಸ್ತೆ ಬದಿಯಲ್ಲಿ ಲೋಹಿತನ ಕಂಪ್ಯೂಟರ್ ಸೆಂಟರಿನಲ್ಲಿ ಅರ್ಜಿ ಟೈಪು ಮಾಡುವುದು ಅವಳ ಕೆಲಸ. ಅಂದು ಒಬ್ಬರ ಅರ್ಜಿಗೆ ಇನ್ನೊಬ್ಬರ ತಂದೆಯ ಹೆಸರು ಹಾಕಿದಳು. ಪ್ರಿಂಟಾದ ಮೇಲೆ ನೋಡಿ ಲೋಹಿತ್, "ಏನಕ್ಕ, ಇವತ್ತು ಹುಷಾರಿಲ್ವಾ?" ಎಂದ. "ಇಲ್ಲ ಕಣಪ್ಪ, ಸರಿಮಾಡ್ತೀನಿ," ಎಂದು ಇನ್ನೊಂದು ತಪ್ಪು ಮಾಡಿದಳು.

ಹನ್ನೊಂದೂವರೆಗೆ ಗಂಡ, ಅಕ್ಕಸಾಲಿ ಲಕ್ಷ್ಮಣಾಚಾರಿಯ ಫೋನು ಬಂತು. ಕೆಲಸದ ಹೊತ್ತಿನಲ್ಲಿ ಎಂದೂ ಫೋನು ಮಾಡಿದವನಲ್ಲ.

"ಅಂಗಡಿಗೆ ಬಾ."

"ಯಾಕ್ರೀ?"

"ಹಳೇ ಗಿರಾಕಿ ದೊಡ್ಡಬೀರಯ್ಯನೋರು ಬಂದು ಕೂತವ್ರೆ. ನೀನೂ ಇರಬೇಕಂತೆ."

ಊರಿಗೆ, ನಾಗಮಂಗಲಕ್ಕೆ, ಒಂದು ಗಂಟೆಗೆ ಮುಂಚೆ ಬಸ್ಸು ಇರಲಿಲ್ಲ. ನಿಲ್ಲಲಾರದೆ, ತೆಂಗಿನಕಾಯಿ ತುಂಬಿದ್ದ ಟೆಂಪೋವೊಂದಕ್ಕೆ ಕೈ ಅಡ್ಡ ಹಾಕಿ ಹತ್ತಿದಳು. ದಾರಿಯುದ್ದಕ್ಕೂ ನೂರ ಮೂವತ್ತೇಳರ ಮುಂದಿನ ಸಾಲುಗಳು ಅಕ್ಷರ ಅಕ್ಷರವಾಗಿ ಕಣ್ಣ ಮುಂದೆ ಬರುತ್ತಿದ್ದವು. 'ಓದಿದ್ದು: 2009, ಆಷಾಢ. ಕಥೆ ನೆನಪಿಲ್ಲ. ಯಾರದೋ ಸರದ ತೂಕ ಸರಿಮಾಡಲು ಇವರು ನನ್ನ ಅಮ್ಮನ ಓಲೆ ಕರಗಿಸಿದ ವಾರ. ಕಲ್ಲುಗಳು ಡ್ರಾಯರಿನಲ್ಲಿವೆ. ನಾನು ಕೇಳಲಿಲ್ಲ.'

ಅಮ್ಮ ಸತ್ತ ವರ್ಷ ಅದು. ಓಲೆಯ ತಿರುಪು ಸವೆದಿದೆ, ಸರಿ ಮಾಡಿಕೊಡುತ್ತೇನೆಂದು ಲಕ್ಷ್ಮಣ ಇಸಿದುಕೊಂಡಿದ್ದ. ವಾರದ ಮೇಲೆ ಕಾಫಿ ಕೊಡಲು ಅಂಗಡಿಗೆ ಹೋದಾಗ, ಮಾವ ತಕ್ಕಡಿಯ ಮುಂದೆ ಕೂತು, "ತೂಕ ಸರಿಹೋಯ್ತು ಬುಡು, ಮಾನ ಉಳೀತು," ಎನ್ನುತ್ತಿದ್ದರು. ಅರೆ ತೆರೆದ ಡ್ರಾಯರಿನಲ್ಲಿ, ಕಾಗದದ ಮೇಲೆ, ಅಮ್ಮನ ಓಲೆಯ ಹದಿನಾಲ್ಕು ಕೆಂಪು ಕಲ್ಲುಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ. ಹದಿನಾರು ವರ್ಷ ಹಾಗೇ ಕಳೆಯಿತು.

ಬರೆಯುವಾಗ ತನ್ನ ನೋವೊಂದೇ ಅವಳಿಗೆ ಕಂಡಿತ್ತು. ಅಕ್ಕಸಾಲಿಯ ಹೆಂಡತಿ 'ತೂಕ ಸರಿಮಾಡಲು' ಎಂದು ಬರೆದರೆ ಊರು ಅದನ್ನು ಹೇಗೆ ಓದುತ್ತದೆ ಎಂಬುದು ಟೆಂಪೋದಲ್ಲಿ ಕೂತ ಮೇಲಷ್ಟೇ ಹೊಳೆಯಿತು.

ನಾಗಮಂಗಲದ ಪೇಟೆ ಬೀದಿಯ ಆ ಸಣ್ಣ ಅಂಗಡಿಯ ಬೆಂಚಿನ ಮೇಲೆ ದೊಡ್ಡಬೀರಯ್ಯ ಟವಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎದುರು ಲಕ್ಷ್ಮಣ, ಆರಿದ ಅಗ್ಗಿಷ್ಟಿಕೆಯ ಮುಂದೆ. ಪಕ್ಕದ ಬಟ್ಟೆ ಅಂಗಡಿಯವನು ಕೆಲಸವಿಲ್ಲದಿದ್ದರೂ ಬಾಗಿಲಿಗೆ ಬಂದು ನಿಂತಿದ್ದ.

"ಬಾರವ್ವ," ಎಂದರು ದೊಡ್ಡಬೀರಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. "ನಮ್ ಮಗ ಅಭಿ ಆ ಗ್ರೂಪ್ನಾಗವ್ನೆ, ಫೋನ್ನಾಗೆ ಓದಿ ಯೋಳ್ದ. ನೀನೇ ಬರ್ದಿರಾದಂತೆ. ಒಂಬತ್ತನೇ ಇಸ್ವಿ ಆಷಾಡ್ದಾಗೆ ನಮ್ಮವ್ವನ ಕಾಸಿನ ಸರ ತಂದುಕೊಟ್ಟು, ಇವರತ್ರ ಎರಡೆಳೆ ಸರ ಮಾಡಿಸ್ದೋನು ನಾನು. ಆ 'ಯಾರದೋ ಸರ' ನಮ್ದೇನಾ ಅಂತ ಕೇಳ್ತಾ ಇವ್ನಿ. ಆಚಾರ್ರು ನೀನು ಬರ್ಲಿ ಅಂತವ್ರೆ."

ರಾಧಾಮಣಿ ಗಂಡನ ಕಡೆ ನೋಡಿದಳು. "ಯಾರ ಸರ ಅಂತ ನಂಗೊತ್ತಿಲ್ಲ. ಅದು ನಂಗೋಸ್ಕರ ಬರ್ಕೊಂಡಿದ್ದು..."

"ನಿಮ್ದೇ," ಎಂದ ಲಕ್ಷ್ಮಣ.

ಬಟ್ಟೆ ಅಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಬಂದ. ಲಕ್ಷ್ಮಣ ಅವನ ಕಡೆ ನೋಡಲಿಲ್ಲ. ಅವನ ಮಾತು ಯಾವಾಗಲೂ ಹೀಗೇ, ಕುಸುರಿ ಕೆಲಸದ ಹಾಗೆ ನಿಧಾನ. "ನಮ್ಮಪ್ಪನಿಗೆ ಆಗ್ಲೇ ಕೈ ನಡುಕ ಶುರುವಾಗಿತ್ತು. ಬೇಡಿ ಅಂದ್ರೂ ಕೇಳ್ದೆ ತಾವೇ ನಿಮ್ಮ ಬಂಗಾರ ಮೂಸೆಗೆ ಹಾಕಿ ಕೆಂಡದ ಮೇಲಿಟ್ರು. ಕರಗಿದ್ಮೇಲೆ ಇಕ್ಕಳದಲ್ಲಿ ಎತ್ತೋವಾಗ ಮೂಸೆ ಜಾರಿ ಒಡೀತು. ಕೆಂಡದೊಳಕ್ಕೆ ಹೋದದ್ದನ್ನ ಎರಡು ದಿನ ಜಾಲಿಸಿದ್ವಿ. ಬೂದಿ, ನೆಲದ ಮಣ್ಣು, ಎಲ್ಲಾ. ಆರು ಗ್ರಾಂ ಸಿಗ್ಲೇ ಇಲ್ಲ. ಇವಳ ಅಮ್ಮನ ಓಲೆ ರಿಪೇರಿಗೆ ಅಂತ ನನ್ನತ್ರ ಇತ್ತು. ಹಾಕ್ಬುಟ್ಟೆ."

"ಅವತ್ತೇ ನಂಗೆ ಯೋಳ್ಬೋದಾಗಿತ್ತಲ್ಲ."

"ಹೇಳಿದ್ರೆ ನಂಬ್ತಿದ್ರಾ?"

ದೊಡ್ಡಬೀರಯ್ಯ ಟವಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಇಲ್ಲ. ನಂಬ್ತಿರ್ನಿಲ್ಲ," ಎಂದರು. ಎದ್ದು ಟವಲನ್ನು ಹೆಗಲಿಗೆ ಹಾಕಿ, "ನಮ್ಮೋಳ್ಗೆ ಯೋಳ್ಬೇಕು. ಕತ್ತಿಗೆ ಆಕ್ಕಂಡಿರಾಳು ಅವ್ಳು," ಎಂದು, ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದರು.

ಅವರು ಹೋದ ಮೇಲೆ ಲಕ್ಷ್ಮಣ ಇಕ್ಕಳ ತೆಗೆದುಕೊಂಡು ಆರಿದ ಕೆಂಡವನ್ನು ಆಚೀಚೆ ಸರಿಸತೊಡಗಿದ. "ನನ್ನ ಬಗ್ಗೆ ಇನ್ನೂ ಏನೇನು ಬರ್ದಿದೀಯ?"

"ಇನ್ನು ಎರಡು ಕಡೆ ಇದೆ. ಒಂದ್ರಲ್ಲಿ ಗೊರಕೆ. ಇನ್ನೊಂದ್ರಲ್ಲಿ ನಿಮಗೆ ಟೈಫಾಯ್ಡ್ ಬಂದಿದ್ದು, ನಾನು ಪಕ್ಕದಲ್ಲಿ ಕೂತು ಓದಿದ್ದು."

ಅವನು ನಗಲಿಲ್ಲ. "ಅಪ್ಪ ಆಣೆ ಹಾಕ್ಸಿದ್ರು, ಯಾರಿಗೂ ಹೇಳ್ಬಾರ್ದು ಅಂತ. ಮೂಸೆ ಒಡೆದ ಅಕ್ಕಸಾಲಿ ಅಂತ ಅನ್ನಿಸ್ಕೊಳಕ್ಕೆ ಅವ್ರಿಗೆ ಇಷ್ಟ ಇರ್ಲಿಲ್ಲ. ಅವ್ರು ಹೋಗಿ ಏಳು ವರ್ಷ ಆಯ್ತು, ಆಮೇಲಾದ್ರೂ ಹೇಳ್ಬೇಕಾಗಿತ್ತು." ಇಕ್ಕಳ ಕೆಳಗಿಟ್ಟು, "ನೀನು ಮರ್ತಿದ್ದೀಯ ಅನ್ಕೊಂಡಿದ್ದೆ," ಎಂದ.

ರಾಧಾಮಣಿ ಹದಿನಾರು ವರ್ಷ ಕೂಡಿಟ್ಟ ಸಿಟ್ಟಿಗೆ ಒಮ್ಮೆಲೇ ನಿಲ್ಲಲು ಜಾಗವೇ ಇಲ್ಲದಂತಾಗಿ, ಅದು ಎದೆಯೊಳಗೆ ಸುಮ್ಮನೆ ಸುತ್ತುತ್ತಿತ್ತು. ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ಅಕ್ಕಿ ಎರಡು ಸಲ ತೊಳೆದಳು.

ಮರುದಿನ ಬೆಳ್ಳಿ ಗೆಜ್ಜೆಗೆ ಕೊಟ್ಟಿದ್ದ ಇಬ್ಬರು ಬಂದು, ಈಗ ಬೇಡವೆಂದು ವಾಪಸು ತೆಗೆದುಕೊಂಡು ಹೋದರು. ಲಕ್ಷ್ಮಣ ಕಾಗದದಲ್ಲಿ ಕಟ್ಟಿ ಕೊಟ್ಟ. ಟಿಪ್ಪಣಿಯಿಲ್ಲದ ಪಟ್ಟಿಯನ್ನು ರಾಧಾಮಣಿ ಗ್ರೂಪಿಗೆ ಹಾಕಿದಳು. ಹಾಕಿದ ಅರ್ಧ ಗಂಟೆಯಲ್ಲಿ ಪುಸ್ತಕ ಬೇಕೆಂದು ಮೂವರು ಕೇಳಿದರು. ಮೂವರೂ ಕೇಳಿದ್ದು ನೂರ ಮೂವತ್ತೇಳನ್ನೇ. ಆ ಸಾಲನ್ನೇ ಅಳಿಸಿಹಾಕಿದಳು. ನೂರ ಮೂವತ್ತೆಂಟನೆಯದು ಸರ್ರನೆ ಮೇಲಕ್ಕೇರಿ ಆ ಜಾಗದಲ್ಲಿ ಕೂತಿತು. ಅದರ ಹಿಂದೆ ಇನ್ನೂರ ಎಪ್ಪತ್ತನಾಲ್ಕು ಪುಸ್ತಕಗಳೂ ಒಂದೊಂದು ಮೆಟ್ಟಿಲು ಹತ್ತಿದವು. ಕಪಾಟಿನಲ್ಲಿ ಬೆನ್ನಿಗೆ ಹಳೆಯ ನಂಬರಿನ ಚೀಟಿ ಅಂಟಿಸಿಕೊಂಡು ನಿಂತ ಪುಸ್ತಕಗಳನ್ನು ನೋಡಿದಳು. ಅಳಿಸಿದ್ದನ್ನು ವಾಪಸು ತಂದಳು. ಆ ಪುಸ್ತಕವನ್ನು ತೆಗೆದು ಓದಲು ಕೂತರೆ ಎರಡು ಪುಟದಾಚೆ ಹೋಗಲಾಗಲಿಲ್ಲ. ಬಾಗಿಲಲ್ಲಿ ಯಾರ ನೆರಳು ಸುಳಿದರೂ ಎದ್ದು ನೋಡುತ್ತಿದ್ದಳು.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ, ಕೈಯಲ್ಲಿ ಒಂದು ಬಟ್ಟೆ ಚೀಲ ಹಿಡಿದ ಅರವತ್ತರ ಹೆಂಗಸೊಬ್ಬರು ಅಂಗಡಿ ದಾಟಿ ಸೀದಾ ಮನೆಯ ಬಾಗಿಲಿಗೆ ಬಂದರು.

"ರಾಧಾಮಣಿ ನೀನೇನವ್ವಾ? ನಾನು ಚಲುವಮ್ಮ. ದೊಡ್ಡಬೀರಯ್ಯನ ಎಂಡ್ರು."

ರಾಧಾಮಣಿ ಚಾಪೆ ಹಾಸಿದಳು. ಅಂಗಡಿಯಿಂದ ಒಳಬಾಗಿಲಿಗೆ ಬಂದ ಲಕ್ಷ್ಮಣ ಕೈಯಲ್ಲಿ ತಕ್ಕಡಿಯ ಪೆಟ್ಟಿಗೆ ಹಿಡಿದಿದ್ದ. ಚಲುವಮ್ಮ ಅದನ್ನು ಕಂಡು, "ತೂಗ್ಸಕ್ಕೆ ಬಂದಿಲ್ಲ ಕನ್ ಆಚಾರ್ರೇ, ವೊಳಿಕ್ ಮಡಗಿ," ಎಂದರು. ಆಮೇಲೆ ಕತ್ತಿನ ಹಿಂದಕ್ಕೆ ಕೈ ಹಾಕಿ, ಎರಡೆಳೆ ಸರವನ್ನು ಬಿಚ್ಚಿ ರಾಧಾಮಣಿಯ ಅಂಗೈಗೆ ಹಾಕಿದರು. ಸರ ಬೆಚ್ಚಗಿತ್ತು. ಬಿಸಿಲಲ್ಲಿ ನಡೆದು ಬಂದ ಮೈಯ ಬಿಸಿ.

"ನಿಮ್ಮವ್ವಂದು ಯಾವುದು, ನಮ್ಮತ್ತೇದು ಯಾವುದು ಅಂತ ಗೊತ್ತಾಯ್ತದಾ?"

"ಇಲ್ಲ," ಎಂದಳು ರಾಧಾಮಣಿ. "ಎಲ್ಲಾ ಕರಗಿ ಒಂದಾಗಿರ್ತದೆ."

"ನಮ್ಮೆಜಮಾನ್ರು, ಆರು ಗ್ರಾಂ ಕತ್ತರ್ಸಿ ಕೊಟ್ಬಾ, ಯಾರ್ದೋ ತಾಯಿ ಒಡವೆ ನಮಗ್ಯಾಕೆ ಅಂದ್ರು. ಅದಕ್ಕೇ ಬಂದೆ." ಚಲುವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ಮವ್ವನ ಎಸ್ರೇನು?"

"ಲಲಿತಮ್ಮ."

"ಓಲೇನ ದಿನಾ ಇಕ್ಕತಿದ್ರಾ?"

"ದಿನಾ. ಗದ್ದೆಗೆ ಹೋದ್ರೂ ತೆಗೀತಿರ್ಲಿಲ್ಲ."

ಚಲುವಮ್ಮ ತಲೆಯಾಡಿಸಿದರು. ರಾಧಾಮಣಿ ಸರವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಕೊಂಡಿಯ ಮೇಲೆ ಹೆಬ್ಬೆರಳು ಸವರುತ್ತ ಕೊನೆಯವರೆಗೂ ಹೋದಳು. ಎಷ್ಟು ಹೊತ್ತಾಯಿತೋ. ಬಾಗಿಲಲ್ಲಿ ನಿಂತಿದ್ದ ಲಕ್ಷ್ಮಣ ತಕ್ಕಡಿಯ ಪೆಟ್ಟಿಗೆಯನ್ನು ಕೆಳಗಿಟ್ಟು ಗೋಡೆಗೆ ಒರಗಿದ.

"ಕತ್ತರಿಸೋದು ಬೇಡಮ್ಮ," ಎಂದಳು ರಾಧಾಮಣಿ. "ಹಾಕ್ಕೊಳಿ."

"ಯೋಚ್ನೆ ಮಾಡಿ ಯೋಳು. ಆಮೇಲೆ ಅಯ್ಯೋ ಅನ್ನಂಗಾಗಬಾರ್ದು."

"ಇಲ್ಲ. ಹಾಕ್ಕೊಳಿ."

"ಅಂಗಾರೆ ನೀನೇ ಆಕು. ಹನ್ನೆರ್ಡ್ರ ಬಸ್ಸಿಗೆ ಓಗ್ಬೇಕು ನಾನು."

ಚಲುವಮ್ಮ ಬೆನ್ನು ತಿರುಗಿಸಿ, ನರೆತ ತುರುಬನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ತಲೆ ಬಾಗಿಸಿದರು. ಕುತ್ತಿಗೆಯ ಸುತ್ತ, ಸರ ಸದಾ ಕೂರುವ ಕಡೆ, ಚರ್ಮ ಒಂದು ಗೆರೆಯಷ್ಟು ಬೆಳ್ಳಗಿತ್ತು. ಮೊದಲ ಸಲ ಕೊಕ್ಕೆ ಜಾರಿತು. ಎರಡನೆಯ ಸಲವೂ. ಮೂರನೆಯ ಸಲ ಸಿಕ್ಕಿಕೊಂಡಿತು. ರಾಧಾಮಣಿ ಎಳೆಗಳನ್ನು ಬಿಡಿಸಿ ಆ ಗೆರೆಯ ಮೇಲೆ ನೇರ ಮಾಡಿದಳು. ಕೈ ತೆಗೆಯಲಿಲ್ಲ. ಚಲುವಮ್ಮನೂ ತುರುಬು ಬಿಡದೆ ಹಾಗೇ ನಿಂತಿದ್ದರು. ಬೀದಿಯ ಕೊನೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು.